ನೋಡೋಣಪ್ಪನವರ ಮೊದಲ ತೀರ್ಮಾನ

ಕೊಡೆ ಕಾರ್ಖಾನೆಯ ಉಪಮ್ಯಾನೇಜರಿಗೆ ಹೆತ್ತವರು ಇಟ್ಟ ಹೆಸರೊಂದು ಇದೆಯಂತೆ. ಸಂಬಳದ ಚೀಟಿಯ ಮೇಲೆ ಬಿಟ್ಟರೆ ಅದನ್ನು ಬೇರೆಲ್ಲೂ ಯಾರೂ ಕಂಡಿಲ್ಲ. ಗೇಟಿನ ವಾಚ್‌ಮನ್‌ನಿಂದ ಹಿಡಿದು ಹೊಲಿಗೆ ಶೆಡ್ಡಿನ ಹೆಂಗಸರವರೆಗೆ ಎಲ್ಲರಿಗೂ ಅವರು ನೋಡೋಣಪ್ಪನವರು; ಬೆನ್ನ ಹಿಂದೆ ಬರೀ ನೋಡೋಣಪ್ಪ. ರಜೆ ಕೇಳಿದರೆ 'ನೋಡೋಣ'. ಫ್ಯಾನು ಕೆಟ್ಟಿದೆ ಎಂದರೆ 'ನೋಡೋಣ'. ಮನೆಯಲ್ಲಿ ಹೆಂಡತಿ, ಅಡುಗೆಮನೆಯ ನಲ್ಲಿ ಸೋರುತ್ತಿದೆ, ಯಾರನ್ನಾದರೂ ಕರೆಸಿ ಎಂದರೆ, ಎದ್ದು ಹೋಗಿ ನಲ್ಲಿಯ ಮುಂದೆ ನಿಂತು, ಅದು ಸೋರುವುದನ್ನು ಸ್ವಲ್ಪ ಹೊತ್ತು ನಿಜವಾಗಿಯೂ ನೋಡಿ, 'ನೋಡೋಣ' ಎಂದು ವಾಪಸು ಬರುತ್ತಾರೆ.

ಹಾಗಂತ ಸೋಮಾರಿ ಎಂದುಕೊಳ್ಳಬೇಡಿ. ಕಾರ್ಖಾನೆಗೆ ಎಲ್ಲರಿಗಿಂತ ಮೊದಲು ಬರುವವರು ಅವರೇ, ಬೀಗ ಹಾಕಿಸುವವರೂ ಅವರೇ. ದುಡಿಮೆಗೆ ಹಿಂದೆ ಬಿದ್ದವರಲ್ಲ. ತೀರ್ಮಾನ ಎಂಬ ಒಂದು ವಸ್ತುವನ್ನು ಮಾತ್ರ ಕೈಯಿಂದ ಮುಟ್ಟುತ್ತಿರಲಿಲ್ಲ, ಅಷ್ಟೇ. ಅದರ ಅಗತ್ಯವೂ ಅವರಿಗೆ ಬಿದ್ದಿರಲಿಲ್ಲ. ಓದುವುದು ಎಲ್ಲಿ ಎಂದು ಅಣ್ಣ ತೀರ್ಮಾನಿಸಿದ. ಕೆಲಸಕ್ಕೆ ಸೋದರಮಾವ ಸೇರಿಸಿದರು. ಮದುವೆಯ ಮಾತುಕತೆಯ ದಿನ ಎರಡೂ ಕಡೆಯ ಹಿರಿಯರು ಸುತ್ತ ಕೂತು, "ಏನಪ್ಪಾ, ಹುಡುಗಿ ಒಪ್ಪಿಗೇನಾ?" ಎಂದು ಕೇಳಿದಾಗ ಇವರ ಬಾಯಿಂದ ಬಂದದ್ದು ಅದೇ ಮಾತು. ಹಿರಿಯರು ಮುಖ ಮುಖ ನೋಡಿಕೊಂಡರು. ಆಗ ಹುಡುಗಿಯೇ, "ಅವರು ನಿಧಾನವಾಗಿ ನೋಡ್ತಾ ಇರಲಿ, ನಂಗಂತೂ ಒಪ್ಪಿಗೆ" ಎಂದುಬಿಟ್ಟಳು. ಮದುವೆ ಆಯಿತು. "ಅವತ್ತು ನಾನು ಬಾಯಿ ಬಿಡದೇ ಇದ್ದಿದ್ರೆ ಇವತ್ತಿಗೂ ಅದೇ ಕುರ್ಚೀಲಿ ಕೂತಿರ್ತಿದ್ರಿ" ಎಂದು ಆಕೆ ಆಗಾಗ ನೆನಪಿಸುವುದುಂಟು.

ಕಾರ್ಖಾನೆಯಲ್ಲಿ ಅವರ ಹುದ್ದೆ ಅವರಿಗಾಗಿಯೇ ಹೊಲಿಸಿದಂತಿತ್ತು. ಕಂಪನಿಯ ಹೆಡ್ಡಾಫೀಸು ಸಮುದ್ರದಾಚೆ. ಅಲ್ಲಿಂದ ಕೆಲವು ವರ್ಷಗಳಿಗೊಮ್ಮೆ ಒಬ್ಬೊಬ್ಬ ಮ್ಯಾನೇಜರನ್ನು ಕಳಿಸುತ್ತಿದ್ದರು, ಒಂದೊಂದು ಸಲ ಒಂದೊಂದು ದೇಶದವರನ್ನು. ತೀರ್ಮಾನ ಮಾಡುವುದು ಅವರ ಕೆಲಸ. ಅದನ್ನು ಕೆಳಗೆ ಇಳಿಸುವುದು ನೋಡೋಣಪ್ಪನವರ ಕೆಲಸ. ಕೆಳಗಿನವರು ಸಿಡಿಮಿಡಿಗೊಂಡರೆ, "ನಂದೇನಿಲ್ಲಪ್ಪ, ಮೇಲಿನವ್ರು ಹೇಳಿದ್ದು" ಎಂದು ಎರಡೂ ಕೈ ಮೇಲೆತ್ತುತ್ತಿದ್ದರು. ಈ ಒಂದು ಮಾತಿನ ಕೆಳಗೆ ನಿಂತು ಅವರು ಎಂಥೆಂಥ ಮಳೆಯಿಂದಲೋ ಪಾರಾಗಿದ್ದರು.

ಆದರೆ ಒಂದು ವಿಷಯದಲ್ಲಿ ಮಾತ್ರ ಅವರು ಮೇಲಿನವರ ಮಾತನ್ನು ಕೆಳಗೆ ಇಳಿಯಗೊಟ್ಟಿರಲಿಲ್ಲ. ಅದು ಹಿಡಿಕೆ ಮೇಸ್ತ್ರಿಯ ಶೆಡ್ಡು.

ಹಿಡಿಕೆ ಮೇಸ್ತ್ರಿ ಎಂದರೆ ಕೊಡೆಗೆ ಮರದ ಹಿಡಿಕೆ ಮಾಡುವವನು. ನೋಡೋಣಪ್ಪನವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಓದಿದ್ದಕ್ಕಿಂತ ಹೆಚ್ಚಾಗಿ ಬೆಂಚಿನ ಅಂಚನ್ನು ಕೆತ್ತಿದವನು. ಕಾರ್ಖಾನೆಯ ಹಿಂಬದಿಯಲ್ಲಿ ಅವನದೊಂದು ಶೆಡ್ಡು, ಅದರಲ್ಲಿ ಒಂದು ಉದ್ದನೆಯ ಹಬೆಪೆಟ್ಟಿಗೆ, ನಾಲ್ಕೈದು ಜನ ಕೆಲಸಗಾರರು. ಮರದ ಕೋಲನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಬಿಸಿ ಆರುವ ಮೊದಲು ಕಬ್ಬಿಣದ ಅಚ್ಚಿಗೆ ಬಗ್ಗಿಸಿ ಕಟ್ಟಿಬಿಡಬೇಕು. ಬಗ್ಗಿದ ಹಿಡಿಕೆಯನ್ನು ಅವನು ಮಗುವಿನ ಕೆನ್ನೆ ಸವರುವ ಹಾಗೆ ಸವರಿ ನೋಡುತ್ತಿದ್ದ. ಜನರೆದುರು ನೋಡೋಣಪ್ಪನವರನ್ನು 'ಸರ್' ಎನ್ನುತ್ತಿದ್ದ. ಇಬ್ಬರೇ ಇದ್ದಾಗ 'ಲೋ'.

ತೊಂದರೆ ಏನೆಂದರೆ, ಮರದ ಹಿಡಿಕೆಯ ಕೊಡೆ ಕೊಳ್ಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿದ್ದರು. ಪ್ಲಾಸ್ಟಿಕ್ ಹಿಡಿಕೆ ಮೂಟೆಗಟ್ಟಲೆ ಹೊರಗಿನಿಂದ ಬರುತ್ತಿತ್ತು, ಅಗ್ಗಕ್ಕೆ. ಹಬೆಪೆಟ್ಟಿಗೆಗೆ ಹಾಕುವ ಸೌದೆಯ ಖರ್ಚೂ ಹುಟ್ಟುತ್ತಿರಲಿಲ್ಲ. ಇನ್ನೊಂದು ಕಡೆ, ಹೊಲಿಗೆ ಶೆಡ್ಡಿನ ಮಾಡು ಸೋರುತ್ತಿತ್ತು. ದುರಸ್ತಿಗೆ ದುಡ್ಡು ಕೇಳಿದಾಗಲೆಲ್ಲ ಹೆಡ್ಡಾಫೀಸಿನದು ಒಂದೇ ಉತ್ತರ: ಮೊದಲು ನಷ್ಟದ ಶೆಡ್ಡು ಮುಚ್ಚಿ, ಆಮೇಲೆ ಮಾಡಿನ ಮಾತು. ಹೀಗಾಗಿ ಮಳೆ ಬಂದಾಗ ಹೊಲಿಗೆಯ ಹೆಂಗಸರು ತಾವು ಹೊಲಿದ ಕೊಡೆಯನ್ನೇ ಬಿಚ್ಚಿ ಮಿಷಿನ್ನಿಗೆ ಕಟ್ಟಿಕೊಂಡು, ಅದರಡಿ ಕೂತು ಇನ್ನೊಂದು ಕೊಡೆ ಹೊಲಿಯುತ್ತಿದ್ದರು. ಹೊರಗಿನವರು ನೋಡಿದರೆ ನಗಬೇಕು. ನೋಡೋಣಪ್ಪನವರು ಮಾತ್ರ ಮಳೆ ಬಂದ ದಿನ ಆ ಶೆಡ್ಡಿನ ಕಡೆ ತಲೆ ಹಾಕುತ್ತಿರಲಿಲ್ಲ. ತಾನು ಗೆಳೆಯನ ಶೆಡ್ಡು ಉಳಿಸುತ್ತಿರುವುದು ಈ ಹೆಂಗಸರ ತಲೆಯ ಮೇಲಿನ ತಗಡಿನ ದುಡ್ಡಿನಲ್ಲಿ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಉಳಿಸಿದರು. ಹೇಗೆ ಉಳಿಸಿದರು ಎನ್ನುವುದೇ ಅವರ ಜೀವಮಾನದ ಸಾಧನೆ.

ಮೊದಲು ಬಂದ ಮ್ಯಾನೇಜರನ್ನು ಕೆಲಸಗಾರರು 'ಕತ್ತರಿ' ಎಂದು ಕರೆದರು. ದೊಡ್ಡದೊಂದು ದೇಶದಿಂದ ಬಂದ ದೊಡ್ಡ ಆಳು. ನೀವು ಬಾಗಿಲು ತೆಗೆದು ಒಂದು ವಾಕ್ಯ ಹೇಳಿ ಎರಡನೆಯದಕ್ಕೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವರ ತೀರ್ಮಾನ ಮುಗಿದಿರುತ್ತಿತ್ತು. "ಆಯ್ತು, ಮಾಡಿ. ಮುಂದಿನದು?" ತಪ್ಪಾದರೆ ನಾಳೆ ತಿದ್ದಿಕೊಂಡರಾಯಿತು, ತಡವಾದರೆ ಏನು ಮಾಡುತ್ತೀರಿ ಎನ್ನುವುದು ಅವರ ವಾದ. ಅವರ ದೇಶದಲ್ಲಿ ಅದು ಸರಿಯೇ ಇದ್ದೀತು. ಆದರೆ ಇಲ್ಲಿಯವರಿಗೆ ಯಜಮಾನರ ಮಾತೆಂದರೆ ಕಲ್ಲಿನ ಮೇಲೆ ಕೆತ್ತಿದ್ದು. ಬೆಳಿಗ್ಗೆ ಅವರು ಉಗ್ರಾಣದ ಗೋಡೆ ಒಡೆಯಿರಿ ಎಂದರೆ ಸಂಜೆಯೊಳಗೆ ಗೋಡೆ ಇರುತ್ತಿರಲಿಲ್ಲ. ಮರುದಿನ ಅವರು ಬಂದು, "ಇಲ್ಲ, ಗೋಡೆ ಇದ್ದರೇ ಒಳ್ಳೇದು" ಎನ್ನುತ್ತಿದ್ದರು. ಆ ಗೋಡೆಯನ್ನು ಕೆಡವಿ ಕಟ್ಟಿ ಕೆಡವಿ ಕಟ್ಟಿ ಗಾರೆಯವನ ಮಗಳ ಮದುವೆಯೇ ಆಗಿಹೋಯಿತು.

ನೋಡೋಣಪ್ಪನವರು ಬೇಗ ಪಾಠ ಕಲಿತರು. ಕತ್ತರಿಯವರ ಆಜ್ಞೆಯನ್ನು ಮೂರು ದಿನ ಮೂಲೆಯಲ್ಲಿ ಇಡಬೇಕು; ನಾಲ್ಕನೆಯ ದಿನವೂ ಅದಕ್ಕೆ ಜೀವವಿದ್ದರೆ ಆಗ ಮಾಡಬೇಕು. ಒಂದು ದಿನ ಅವರು ಹಿಂಬದಿಯ ಶೆಡ್ಡಿನ ಮುಂದೆ ನಿಂತು, "ಮರದ ಹಿಡಿಕೆ ಯಾರಿಗೆ ಬೇಕು? ಮುಚ್ಚಿ" ಎಂದರು. "ಆಯ್ತು ಸರ್" ಎಂದ ನೋಡೋಣಪ್ಪನವರು ಅದೇ ಉಸಿರಿನಲ್ಲಿ, ಹೊಸ ಲಾರಿ ಕೊಳ್ಳುವುದೋ ಬಾಡಿಗೆಗೆ ಹಿಡಿಯುವುದೋ ಎಂಬ ಇನ್ನೂ ರುಚಿಯಾದ ಪ್ರಶ್ನೆಯೊಂದನ್ನು ಮುಂದಿಟ್ಟರು. ಕತ್ತರಿಯವರಿಗೆ ತೀರ್ಮಾನವೆಂದರೆ ಹುರಿದ ಕಡಲೇಕಾಯಿ. ಮುಂದಿನದು ಕೈಗೆ ಬಂದರೆ ಹಿಂದಿನದು ಮರೆತೇಹೋಗುತ್ತಿತ್ತು. ಶೆಡ್ಡು ಮುಚ್ಚಿಸಿದೆ ಎಂಬ ತೃಪ್ತಿಯಲ್ಲೇ ಅವರು ಊರಿಗೆ ಹೋದರು. ಹಿಂಬದಿಯಲ್ಲಿ ಹಬೆ ಏಳುತ್ತಲೇ ಇತ್ತು.

ಎರಡನೆಯವರು ದ್ವೀಪದೇಶದವರು. ತೆಳ್ಳಗಿನ, ಮೃದು ಮಾತಿನ ಮನುಷ್ಯ. ಬಂದ ವಾರದಲ್ಲೇ ಉದ್ದ ಮೇಜನ್ನು ಹೊರಗೆ ಹಾಕಿಸಿ ದುಂಡು ಮೇಜು ತರಿಸಿದರು. ಹಾಗಾಗಿ ಹೆಸರೂ 'ದುಂಡುಮೇಜು'. ಎಲ್ಲರೂ ಮನಸಾರೆ ಒಪ್ಪದೆ ಅವರು ಒಂದು ಮೊಳೆಯನ್ನೂ ಹೊಡೆಸುತ್ತಿರಲಿಲ್ಲ. ಸಭೆಗೆ ಮುಂಚೆ ಒಬ್ಬೊಬ್ಬರ ಹತ್ತಿರವೂ ಹೋಗಿ, ಪಕ್ಕದಲ್ಲಿ ಕೂತು, ಚಹಾ ತರಿಸಿ ಕೇಳುತ್ತಿದ್ದರು: "ನಿಮಗೇನನ್ನಿಸುತ್ತದೆ?"

ಹೊಲಿಗೆಯ ಹೆಂಗಸರಿಗೆ ಅಯ್ಯೋ ಎನ್ನಿಸಿತು. "ಪಾಪ, ಈ ಯಜಮಾನ್ರಿಗೆ ಕೆಲಸಾನೇ ಗೊತ್ತಿಲ್ಲ ಕಣೆ, ನಮ್ಮನ್ನ ಕೇಳ್ತಾರೆ" ಎಂದು ಮಾತಾಡಿಕೊಂಡರು. ಯಜಮಾನರ ಮರ್ಯಾದೆ ಉಳಿಸಲೆಂದು ಎಲ್ಲರೂ ಒಂದೇ ಉತ್ತರ ಕೊಟ್ಟರು: "ನಿಮ್ಮಿಷ್ಟ ಸರ್." ಅವರ ಇಷ್ಟವೋ, ಇವರ ಇಷ್ಟ ಏನೆಂದು ತಿಳಿಯುವುದು. ಇವರ ಇಷ್ಟ ಅವರ ಇಷ್ಟದಂತೆ ಆಗಲಿ ಎನ್ನುವುದು. ಕ್ಯಾಂಟೀನಿನ ಬೆಂಚಿಗೆ ಯಾವ ಬಣ್ಣ ಹೊಡೆಯುವುದು ಎಂಬ ಪ್ರಶ್ನೆ ಎರಡು ಬೇಸಿಗೆ ನೋಡಿತು. ಕೊನೆಗೆ ಬೆಂಚೇ ಮುರಿದು ಪ್ರಶ್ನೆ ಬಗೆಹರಿಯಿತು.

ಇವರ ಕಾಲದಲ್ಲಿ ಹಿಡಿಕೆ ಶೆಡ್ಡು ಉಳಿಸುವುದು ನೋಡೋಣಪ್ಪನವರಿಗೆ ನೀರು ಕುಡಿದಷ್ಟು ಸುಲಭವಾಯಿತು. ಎಲ್ಲರೂ ಒಪ್ಪಬೇಕು ತಾನೆ? ಒಪ್ಪದವನು ಒಬ್ಬನಿದ್ದರೆ ಸಾಕು. ಗೇಟಿನ ವಾಚ್‌ಮನ್‌ನನ್ನು ಹಿಡಿದು, "ಹಿಡಿಕೆ ಶೆಡ್ಡಿನ ವಿಷಯ ಕೇಳಿದ್ರೆ, ನಂಗ್ಯಾಕೋ ಮನಸ್ಸು ಒಪ್ತಿಲ್ಲ ಸರ್ ಅನ್ನು. ಬೇರೇನೂ ಹೇಳ್ಬೇಡ" ಎಂದರು. ವಾಚ್‌ಮನ್ ಹಾಗೇ ಹೇಳಿದ. ದುಂಡುಮೇಜಿನವರು ಗಂಭೀರವಾದರು. ಒಬ್ಬ ಮನುಷ್ಯನ ಮನಸ್ಸು ಒಪ್ಪುತ್ತಿಲ್ಲವೆಂದರೆ ಅದರ ಹಿಂದೆ ಏನೋ ಇರಬೇಕು! ವಾರಕ್ಕೊಮ್ಮೆ ಗೇಟಿಗೆ ಹೋಗಿ, ಸ್ಟೂಲಿನ ಮೇಲೆ ಕೂತು, ಅವನ ಮನಸ್ಸನ್ನು ಅರ್ಥಮಾಡಿಕೊಳ್ಳಲು ನೋಡಿದರು. ಮೊದಮೊದಲು ಬೆವರುತ್ತಿದ್ದ ವಾಚ್‌ಮನ್‌ಗೆ ಬರುಬರುತ್ತ ರುಚಿ ಹತ್ತಿತು. ಮರಕ್ಕೂ ಅಂಗೈಗೂ ಇರುವ ಸಂಬಂಧದ ಬಗ್ಗೆ, ಮಳೆಯಲ್ಲಿ ಜಾರುವ ಪ್ಲಾಸ್ಟಿಕ್ಕಿನ ಬಗ್ಗೆ ಅವನು ಆಡತೊಡಗಿದ ಮಾತು ಕೇಳಿ ನೋಡೋಣಪ್ಪನವರೇ ಬೆರಗಾದರು. ಇವನಿಗೆ ಇಷ್ಟೆಲ್ಲ ಎಲ್ಲಿಂದ ಬಂತು! ದುಂಡುಮೇಜಿನವರು ಊರಿಗೆ ಹೊರಟ ದಿನ ಎಲ್ಲರಿಗಿಂತ ಹೆಚ್ಚು ಹೊತ್ತು ಕೈ ಹಿಡಿದು ನಿಂತದ್ದು ವಾಚ್‌ಮನ್ ಮುಂದೆ.

ಮೂರನೆಯವರು ಹಿಮ ಬೀಳುವ ದೇಶದ ಹೆಂಗಸು, 'ತಕ್ಕಡಿ ಮೇಡಂ'. ಅಂಕಿ ತೋರಿಸದೆ ಹೇಳಿದ ಮಾತು ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ತೂಗಿ ನೋಡಬೇಕು, ತೂಕ ಯಾವ ಕಡೆಗೋ ತೀರ್ಮಾನ ಆ ಕಡೆಗೆ. ಅದೂ ಅಲ್ಲದೆ ಮುಖ ಮುರಿದ ಹಾಗೆ ಮಾತು. ಒಮ್ಮೆ ಸಭೆಯಲ್ಲಿ ಹೊಲಿಗೆ ಶೆಡ್ಡಿನ ಮುಖ್ಯಸ್ಥೆಗೆ ಎಲ್ಲರೆದುರು, "ನೀವು ಹೇಳುತ್ತಿರುವುದು ತಪ್ಪು" ಎಂದರು. ಆಕೆ ಅಳುತ್ತ ಮನೆಗೆ ಹೋದವಳು ಎರಡು ದಿನ ಬರಲಿಲ್ಲ. ಮೇಡಂಗೆ ತಲೆಬುಡ ಅರ್ಥವಾಗಲಿಲ್ಲ. "ನಾನು ತಪ್ಪು ಎಂದದ್ದು ಲೆಕ್ಕಕ್ಕೆ, ಅವರಿಗಲ್ಲವಲ್ಲ! ಅವರೆಂದರೆ ನನಗೆ ತುಂಬ ಇಷ್ಟ" ಎಂದು ನೋಡೋಣಪ್ಪನವರನ್ನು ಕೇಳಿದರು. ಇಲ್ಲಿ ಲೆಕ್ಕವನ್ನೂ ಮನುಷ್ಯರನ್ನೂ ಬೇರೆ ಮಾಡುವ ಕತ್ತಿ ಇನ್ನೂ ಸಿಕ್ಕಿಲ್ಲ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ.

ಮೇಡಂ ಕಾಲದಲ್ಲಿ ಅಪಾಯ ನಿಜವಾದದ್ದು. ಹಿಡಿಕೆ ಶೆಡ್ಡನ್ನು ತಕ್ಕಡಿಗೆ ಹಾಕಿದರೆ ಅದು ಯಾವ ಕಡೆ ಏಳುತ್ತದೆಂದು ಎಲ್ಲರಿಗೂ ಗೊತ್ತು. ನೋಡೋಣಪ್ಪನವರು ಅಂಕಿಗಳನ್ನು ಮುಚ್ಚಿಡಲಿಲ್ಲ, ಅದು ಅವರ ಜಾಯಮಾನವಲ್ಲ. ಬದಲಿಗೆ ಇನ್ನಷ್ಟು ಕೊಟ್ಟರು. ತಿಂಗಳ ಪ್ರಕಾರ, ಮರದ ಜಾತಿಯ ಪ್ರಕಾರ, ಎಡಗೈಯವರು ಬಲಗೈಯವರ ಪ್ರಕಾರ. ಒಂದು ಪಟ್ಟಿ ಕೊಟ್ಟರೆ ಮೇಡಂಗೆ ಮೂರು ಪ್ರಶ್ನೆ ಹುಟ್ಟುತ್ತಿದ್ದವು. "ಮರದ ಹಿಡಿಕೆಯ ಕೊಡೆಯನ್ನು ಜನ ಬಸ್ಸಿನಲ್ಲಿ ಮರೆತು ಹೋಗುವುದು ಕಡಿಮೆಯೇ?" ಎಂದು ಒಂದು ದಿನ ಕಣ್ಣರಳಿಸಿ ಕೇಳಿದರು. "ಒಳ್ಳೇ ಪ್ರಶ್ನೆ ಮೇಡಂ, ವಿಚಾರಿಸ್ಬೇಕು" ಎಂದು ಇವರು ಬಸ್ಸು ನಿಲ್ದಾಣಕ್ಕೇ ಹೋಗಿ ಕೂತರು. ಆ ವಿಚಾರಣೆ ಇನ್ನೂ ನಡೆಯುತ್ತಿರುವಾಗಲೇ ಮೇಡಂಗೆ ವರ್ಗವಾಯಿತು.

ಹೋಗುವಾಗ ಅವರೊಂದು ಎಡವಟ್ಟು ಮಾಡಿ ಹೋದರು. ಹೊರಗಿನವರನ್ನು ಕಳಿಸುವುದು ಸಾಕು, ಎಲ್ಲ ಬಗೆಯ ಮ್ಯಾನೇಜರುಗಳ ಕೈಕೆಳಗೂ ಪಳಗಿದವರೊಬ್ಬರು ಇಲ್ಲೇ ಇದ್ದಾರೆ ಎಂದು ಹೆಡ್ಡಾಫೀಸಿಗೆ ಹೇಳಿಬಿಟ್ಟರು. ಹೆಡ್ಡಾಫೀಸಿನಿಂದ ಫೋನು ಬಂತು.

ಸಂಜೆ ಹೆಂಡತಿ ಕೇಳಿದರು, "ಏನಂದ್ರಿ?"

"ನೋಡೋಣ ಅಂದೆ."

"ಅವರೇನಂದ್ರು?"

"ಅಭಿನಂದನೆಗಳು ಅಂದ್ರು" ಎಂದರು ನೋಡೋಣಪ್ಪನವರು, ಜೀವ ಹೋದವರಂತೆ ಕುರ್ಚಿಗೆ ಒರಗಿ.

ಮ್ಯಾನೇಜರ ಕುರ್ಚಿಯಲ್ಲಿ ಕೂತ ಮೊದಲ ವಾರ ಅವರಿಗೆ ತಿಳಿದದ್ದೇನೆಂದರೆ, ಆ ಕೋಣೆಯಲ್ಲಿ 'ಮೇಲಿನವರು' ಎಂದು ಬೆರಳು ತೋರಿಸಿದರೆ ಅಲ್ಲಿ ಫ್ಯಾನು ಮಾತ್ರ ಇರುತ್ತದೆ. ಜನ ಬಾಗಿಲು ತೆಗೆದು ಬಂದು, ಪ್ರಶ್ನೆ ಹೇಳಿ, ಸುಮ್ಮನೆ ನಿಲ್ಲುತ್ತಾರೆ. ಏನು ಮಾಡುವುದು? ಗುರುಗಳು ಮೂವರಿದ್ದರಲ್ಲ, ಒಬ್ಬೊಬ್ಬರ ದಾರಿಯನ್ನೂ ಹಿಡಿದು ನೋಡಿದರು. ಕತ್ತರಿಯವರ ಹಾಗೆ ಮೇಜು ಗುದ್ದಿ, "ಆ ಹಳೇ ಫ್ಯಾನು ಇವತ್ತೇ ತೆಗೆಸಿ, ಮುಂದಿನದು?" ಎಂದರು. ಫ್ಯಾನು ಕದಲಲಿಲ್ಲ. ಯಾಕೆಂದು ವಿದ್ಯುತ್ ಕೆಲಸದವನನ್ನು ಕೇಳಿದರೆ, "ಮೂರು ದಿನ ಕಾಯ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ರಲ್ಲ ಸರ್" ಎಂದ ಅವನು. ದುಂಡುಮೇಜಿನವರ ಹಾಗೆ ಹೊಲಿಗೆ ಶೆಡ್ಡಿಗೆ ಹೋಗಿ ಪಕ್ಕದಲ್ಲಿ ಕೂತು, "ನಿಮಗೇನನ್ಸುತ್ತೆ?" ಎಂದರು. "ನಿಮ್ಮಿಷ್ಟ ಸರ್" ಎಂದು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮೇಡಂ ಹಾಗೆ ಉಗ್ರಾಣದವನಿಗೆ ಅಂಕಿ ಕೇಳಿದರು. ಅವನು ತಳ್ಳುಗಾಡಿಯಲ್ಲಿ ತಂದು ಸುರಿದು, "ಇನ್ನೂ ಬೇಕಾ ಸರ್?" ಎಂದ. ತಾನೇ ತೋಡಿದ ಹಳ್ಳಕ್ಕೆ ಮೂರು ದಿಕ್ಕಿನಿಂದಲೂ ಬಿದ್ದ ಮನುಷ್ಯನನ್ನು ನೋಡಬೇಕಿದ್ದರೆ ಅವತ್ತು ನೋಡಬೇಕಿತ್ತು.

ಇಷ್ಟರಲ್ಲಿ ಹೆಡ್ಡಾಫೀಸು ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿತು. ಹಿಡಿಕೆ ಶೆಡ್ಡು ಇರಲೋ ಬೇಡವೋ? ನಾವು ಏನೂ ಹೇಳುವುದಿಲ್ಲ, ನೀವು ಹೇಳಿದ್ದೇ ಆಖೈರು, ಶನಿವಾರದೊಳಗೆ ತಿಳಿಸಿ. ನೋಡೋಣಪ್ಪನವರಿಗೆ ಅನ್ನ ಸೇರಲಿಲ್ಲ. ಮಳೆ ಬೇರೆ ಶುರುವಾಗಿತ್ತು. ಈಗ ಮ್ಯಾನೇಜರಾದ್ದರಿಂದ ಹೊಲಿಗೆ ಶೆಡ್ಡಿಗೆ ಹೋಗದೆ ವಿಧಿ ಇರಲಿಲ್ಲ. ಹೋದರು. ಬಾಗಿಲಲ್ಲೇ ನಿಂತರು. ಸಾಲಾಗಿ ಬಿಚ್ಚಿದ ಕೊಡೆಗಳು, ಅವುಗಳ ಅಡಿಯಲ್ಲಿ ಬಗ್ಗಿದ ತಲೆಗಳು, ಕೊಡೆಯ ಅಂಚಿನಿಂದ ಕಾಲಿನ ಮೇಲೆ ತೊಟ್ಟಿಕ್ಕುವ ನೀರು. ಒಬ್ಬಳು ವಯಸ್ಸಾದವಳು ಒದ್ದೆ ಪಾದಕ್ಕೆ ಗೋಣಿಚೀಲ ಸುತ್ತಿಕೊಂಡು ಮಿಷಿನ್ ತುಳಿಯುತ್ತಿದ್ದಳು. ಇವರನ್ನು ಕಂಡು, "ಬನ್ನಿ ಸರ್, ಆ ಕಡೆ ನಿಲ್ಲಿ, ಅಲ್ಲಿ ಸೋರಲ್ಲ" ಎಂದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ನೋಡೋಣಪ್ಪನವರಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡರು. ಆಕೆ ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡರು.

"ಏನು ಮಾಡ್ಬೇಕು ಅಂತ ನಿಮ್ಗೆ ಗೊತ್ತಾಗಿದೆ. ಗೊತ್ತಾಗಿ ಬಹಳ ದಿನ ಆಗಿದೆ. ನನ್ನನ್ಯಾಕೆ ಕೇಳ್ತೀರಿ?"

"ಅವನ ಮುಖ ಹೇಗೆ ನೋಡ್ಲಿ?"

"ಕಣ್ಣು ಬಿಟ್ಕೊಂಡು ನೋಡಿ. ನೋಟೀಸ್ ಬೋರ್ಡಿಗೆ ಮಾತ್ರ ಅಂಟಿಸ್ಬೇಡಿ, ನೀವೇ ಹೋಗಿ ಹೇಳಿ, ಅಷ್ಟು ಮಾಡಿ ಸಾಕು."

ಮರುದಿನ ಊಟದ ಬಿಡುವಿನಲ್ಲಿ ಅವರು ಹಿಂಬದಿಯ ಶೆಡ್ಡಿಗೆ ಹೋದರು. ಕೆಲಸಗಾರರು ಹೊರಗೆ ಊಟಕ್ಕೆ ಕೂತಿದ್ದರು. ಮೇಸ್ತ್ರಿ ಒಬ್ಬನೇ ಹಬೆಪೆಟ್ಟಿಗೆಯ ಬಾಗಿಲು ತೆಗೆಯುತ್ತಿದ್ದ.

"ಮಳೆ ಜೋರಾಯ್ತು" ಎಂದರು ನೋಡೋಣಪ್ಪನವರು.

"ಮ್ಯಾನೇಜರು ಮಳೆ ವರದಿ ಕೊಡೋಕೆ ಬಂದ್ರಾ?" ಎಂದ ಮೇಸ್ತ್ರಿ. "ಸ್ವಲ್ಪ ತಡಿ. ಇದು ಬಿಸಿ ಆರಿಬಿಟ್ರೆ ಸೀಳುತ್ತೆ."

ಬಿಸಿ ಕೋಲನ್ನು ಎಳೆದು, ಅಚ್ಚಿಗೆ ಒತ್ತಿ, ಮೈಭಾರವೆಲ್ಲ ಹಾಕಿ ಬಗ್ಗಿಸಿ ಕಟ್ಟಿದ. ಕಟ್ಟಿದ ಮೇಲೆ ಬಲಭುಜವನ್ನು ಎಡಗೈಯಿಂದ ಒತ್ತಿಕೊಂಡ. ಈಚೆಗೆ ಆ ಭುಜ ನೋಯುತ್ತಿತ್ತು. ನೋಡೋಣಪ್ಪನವರು ಸೌದೆಯ ಬೆಲೆ ಕೇಳಿದರು. ಮನೆಯವರ ಆರೋಗ್ಯ ಕೇಳಿದರು. ಇನ್ನು ಕೇಳಲು ಏನೂ ಉಳಿಯಲಿಲ್ಲ.

"ಶೆಡ್ಡು ಮುಚ್ತಾ ಇದೀನಿ ಕಣೋ" ಎಂದರು.

ಮೇಸ್ತ್ರಿ ತಿರುಗಿ ನೋಡಿದ. "ಮೇಲಿನವ್ರು ಹೇಳಿದ್ರಾ?"

ಇಷ್ಟು ವರ್ಷ ಇವರನ್ನು ಕಾಪಾಡಿದ ಮಾತನ್ನು ಗೆಳೆಯನೇ ಎತ್ತಿ ಕೈಗೆ ಕೊಡುತ್ತಿದ್ದ. ಹೂಂ ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಇಬ್ಬರೂ ಕೂತು ಮೇಲಿನವರನ್ನು ಹಾಯಾಗಿ ಬೈಯಬಹುದಿತ್ತು, ಸ್ನೇಹಕ್ಕೆ ಒಂದು ಗೀರೂ ಬೀಳುತ್ತಿರಲಿಲ್ಲ.

"ಇಲ್ಲ. ಯಾರೂ ಹೇಳಿಲ್ಲ. ನಾನೇ."

ಮೇಸ್ತ್ರಿ ಮರದ ದಿಮ್ಮಿಯ ಮೇಲೆ ಕೂತ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾನೋ ಎಂದು ಇವರು ಗಾಬರಿಯಾದರು. ನೋಡಿದರೆ ನಗು.

"ಹುಟ್ಟಿದಾಗಿಂದ ಒಂದು ತೀರ್ಮಾನ ಮಾಡ್ದೋನಲ್ಲ ನೀನು. ಮಾಡ್ದೆ ಮಾಡ್ದೆ, ಅದು ನನ್ನ ಕುತ್ತಿಗೆಗೇ ಬರ್ಬೇಕಾ?"

ನೋಡೋಣಪ್ಪನವರೂ ನಕ್ಕರು, ಕಣ್ಣಲ್ಲಿ ನೀರು ಬರುತ್ತಿದ್ದರೂ. "ಬಹಳ ವರ್ಷ ತಳ್ದೆ ಕಣೋ. ನಿಂಗೆ ಗೊತ್ತಿಲ್ಲ, ಏನೇನು ಮಾಡ್ದೆ ಅಂತ..."

"ಗೊತ್ತಿಲ್ದೆ ಏನು! ಆ ವಾಚ್‌ಮನ್ ವಾರಕ್ಕೊಂದ್ಸಲ ಬಂದು, ಮೇಸ್ತ್ರಿ, ನನ್ನ ಮನಸ್ಸು ಯಾಕೆ ಒಪ್ತಿಲ್ಲ ಅಂತ ಈ ವಾರಕ್ಕೆ ಸ್ವಲ್ಪ ಹೇಳ್ಕೊಡಿ ಅಂತ ನನ್ನ ತಲೆ ತಿಂತಿದ್ದ. ಅಂಗೈ, ಪ್ಲಾಸ್ಟಿಕ್ಕು, ಎಲ್ಲ ನಾನೇ ಹೇಳ್ಕೊಟ್ಟಿದ್ದು."

ಇಬ್ಬರೂ ಮತ್ತೆ ನಕ್ಕರು.

"ಕತ್ತರಿ ಕಾಲದಲ್ಲಿ ಪೇಟೆಯ ಊರುಗೋಲು ಅಂಗಡಿಯೋನು ನನ್ನ ಕರೆದಿದ್ದ" ಎಂದ ಮೇಸ್ತ್ರಿ, ನಗು ಆರಿದ ಮೇಲೆ. "ಊರುಗೋಲು, ಕುರ್ಚಿ ಕೈ, ಬಗ್ಗಿಸೋ ಕೆಲಸ ಎಲ್ಲ ನಿಂದು, ಪಾಲುದಾರನಾಗಿ ಬಾ ಅಂದ. ಆಸೆ ಆಯ್ತು. ಮನೇಲೂ ಹೋಗು ಅಂದ್ರು. ಅಷ್ಟರಲ್ಲಿ ನೀನು ಈ ಶೆಡ್ಡು ಉಳ್ಸೋಕೆ ಏನು ಒದ್ದಾಡ್ತಿದ್ದೆ ಅಂತ ಗೊತ್ತಾಯ್ತು. ನಾನು ಎದ್ದು ಹೋದ್ರೆ ನಿನ್ನ ಮುಖಕ್ಕೆ ಹೊಡ್ದ ಹಾಗೆ ಆಗಲ್ವಾ? ಬರಲ್ಲ ಅಂದ್ಬಿಟ್ಟೆ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಹೋಗು ಅಂತಿದ್ದೆ. ಅದಕ್ಕೇ ಹೇಳ್ಲಿಲ್ಲ."

ಶೆಡ್ಡಿನಲ್ಲಿ ಹಬೆ ಸುಸ್ಸೆನ್ನುತ್ತಿತ್ತು. ಗೆಳೆಯನಿಗೆಂದು ಇವರು ಕಟ್ಟಿಟ್ಟ ವರ್ಷಗಳನ್ನು ಗೆಳೆಯ ಇವರಿಗೆಂದು ಕಳೆದಿದ್ದ. ಆ ವರ್ಷಗಳಲ್ಲಿ ಅವನ ಭುಜ ಸವೆದಿತ್ತು, ಹೆಂಗಸರ ಕಾಲು ನೆಂದಿತ್ತು, ಯಾರಿಗೂ ಅದರಿಂದ ಚಿಕ್ಕಾಸಿನ ಸುಖವಾಗಿರಲಿಲ್ಲ. ನೋಡೋಣಪ್ಪನವರು ಅವಸರವಸರವಾಗಿ ಹೇಳತೊಡಗಿದರು: ಯಾರ ಕೆಲಸವೂ ಹೋಗುವುದಿಲ್ಲ, ಹುಡುಗರನ್ನೆಲ್ಲ ಕಡ್ಡಿ ಜೋಡಿಸುವ ಕಡೆ ಹಾಕುತ್ತೇನೆ, ನಿನಗೆ ಮಾತ್ರ ಕೂತು ಮಾಡುವ ಕೆಲಸ, ತಪಾಸಣೆಯದು, ಸಂಬಳ ಅದೇ, ಭುಜಕ್ಕೂ ನೋವಿರುವುದಿಲ್ಲ, ನಾನು ಎಲ್ಲ ಯೋಚಿಸಿದ್ದೇನೆ...

"ತಡಿ ತಡಿ" ಎಂದ ಮೇಸ್ತ್ರಿ. "ಕಾರ್ಖಾನೇದು ನೀನು ತೀರ್ಮಾನ ಮಾಡ್ದೆ, ಸರಿ. ನಂದು ನೀನು ಮಾಡ್ಬೇಡ." ಎದ್ದು ಮೈಯ ಹೊಟ್ಟು ಕೊಡವಿಕೊಂಡ. "ಮೊದ್ಲು ಆ ಹುಡುಗರಿಗೆ ಹೇಳು ನಡಿ. ನೀನೇ ಹೇಳ್ಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಹಾಗೇ ಆಯಿತು. ಊಟ ಮುಗಿಸಿ ಕೈ ತೊಳೆಯುತ್ತಿದ್ದವರನ್ನು ಕರೆದು ನೋಡೋಣಪ್ಪನವರು ತೊದಲುತ್ತ, ಬೆವರುತ್ತ, ಆದರೆ ಪೂರ್ತಿಯಾಗಿ ಹೇಳಿದರು. ಬೈಸಿಕೊಂಡರು. ಒಬ್ಬ, "ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ ಸರ್" ಎಂದ. ಅದು ಚುಚ್ಚಿತು. ಮೇಸ್ತ್ರಿ ಹೇಳಿದಂತೆ ಪಕ್ಕದಲ್ಲೇ ನಿಂತಿದ್ದ. ಸಹಾಯಕ್ಕೆ ಒಂದು ಮಾತನ್ನೂ ಆಡಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಹೊಲಿಗೆ ಶೆಡ್ಡಿಗೆ ಹೊಸ ತಗಡು ಬಂತು. ಹೊಸ ತಗಡಿನ ಮೇಲೆ ಮಳೆ ಬಿದ್ದರೆ ಸದ್ದು ಜಾಸ್ತಿ ಎಂದು ಹೆಂಗಸರು ದೂರಿದರು. ಮೇಸ್ತ್ರಿ ತಪಾಸಣೆಯ ಮೇಜಿನಲ್ಲಿ ಕೂರಲಿಲ್ಲ. ಶೆಡ್ಡು ಮುಚ್ಚಿದ ವಾರವೇ ಪೇಟೆಯ ಊರುಗೋಲು ಅಂಗಡಿಗೆ ಹೋಗಿ ಸೇರಿಕೊಂಡ. ಪಾಲುದಾರನ ಜಾಗದಲ್ಲಿ ಈಗ ಅಂಗಡಿಯವನ ಮಗನಿದ್ದ. ಮೇಸ್ತ್ರಿಗೆ ಸಿಕ್ಕಿದ್ದು ದಿನಗೂಲಿ. ಭಾರದ ಕೆಲಸ ಬೇರೆಯವರು ಮಾಡುತ್ತಾರಂತೆ, ಬಗ್ಗಿಸುವ ಹದ ಇವನು ಹೇಳುತ್ತಾನಂತೆ. ಖುಷಿಯಾಗಿದ್ದಾನೆ ಎಂದು ಅವನನ್ನು ಕಂಡು ಬಂದವರು ಹೇಳಿದರು. ನೋಡೋಣಪ್ಪನವರಿಗೆ ಅದು ತಿಳಿದದ್ದೇ ಹೀಗೆ, ಕಂಡು ಬಂದವರಿಂದ.

ಅದು ತಿಳಿದ ದಿನ ಸಂಜೆ ಅವರು ಮನೆಗೆ ಬಂದು ಚೀಲವನ್ನು ಸದ್ದಾಗುವಂತೆ ಇಟ್ಟರು. ಹೆಂಡತಿ ಏನಾಯಿತೆಂದು ಕೇಳಿದರು.

"ಅಲ್ಲ, ಅಷ್ಟು ದೊಡ್ಡ ತೀರ್ಮಾನ ಮಾಡೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳೋದಲ್ವಾ ಅವನು? ಚಿಕ್ಕಂದಿನಿಂದ ಜೊತೇಲಿದ್ದೋನು. ದಿನಗೂಲಿ ಅಂತೆ! ಒಂದು ಮಾತು ಕೇಳಿದ್ರೆ ಏನಾಗ್ತಿತ್ತು?"

ಹೆಂಡತಿ 'ಅಯ್ಯೋ ಪಾಪ' ಎನ್ನಲಿಲ್ಲ. ತಟ್ಟೆ ಇಡುತ್ತಿದ್ದವರು ಅದನ್ನು ಕೈಯಲ್ಲೇ ಹಿಡಿದು ನಿಂತರು.

"ಅವರ ಶೆಡ್ಡು ಉಳಿಸ್ಬೇಕು ಅಂತ ಅಷ್ಟು ವರ್ಷ ನೀವು ತೀರ್ಮಾನ ಮಾಡಿದ್ರಲ್ಲ, ಆಗ ನೀವು ಅವರನ್ನ ಒಂದು ಮಾತು ಕೇಳಿದ್ರಾ?"

ನೋಡೋಣಪ್ಪನವರು ಎದ್ದು ಹೋಗಿ ಕೈ ತೊಳೆದು ಬಂದು ಊಟಕ್ಕೆ ಕೂತರು. ಆಕೆ ತಟ್ಟೆ ಇಟ್ಟು, ಅನ್ನ ಬಡಿಸಿ, ತಾವೂ ಕೂತರು. ಇಬ್ಬರೂ ಊಟ ಮಾಡಿದರು.